ಒತ್ತಕ್ಷರ ಕೆಳಗಿಳಿಯದ ದಿನಗಳು

"ಕನ್‌ನಡ". ಹೀಗೊಂದು ಪದವನ್ನು ತೆರೆಯ ಮೇಲೆ ನೋಡಿದ ನೆನಪು ನಿಮಗಿದೆಯೇ? ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಊರು ಬಿಟ್ಟು ಕೂತವರಿಗೆಲ್ಲ ಇರಲೇಬೇಕು. ಅಮ್ಮ "ಅಮ್‌ಮ" ಆಗುತ್ತಿದ್ದಳು, ಅಪ್ಪ "ಅಪ್‌ಪ". ಒತ್ತಕ್ಷರ ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲೇ ನಿಂತುಬಿಡುತ್ತಿತ್ತು. ಅದರ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆದಿಡೋಣ ಅನ್ನಿಸಿತು. ನಾನು ಬಿ.ಕಾಂ. ಓದಿದ ಬ್ಯಾಂಕಿನವ, ತಂತ್ರಜ್ಞ ಅಲ್ಲ. ಆದ್ದರಿಂದ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಹೇಳುತ್ತೇನೆ.

ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ವಿ.ಎಸ್.ಎನ್.ಎಲ್. ಮೊದಲು ಶುರು ಮಾಡಿದ ಊರುಗಳಲ್ಲಿ ನಮ್ಮ ಮದರಾಸೂ ಒಂದು (ಚೆನ್ನೈ ಎಂದು ಹೆಸರಾದದ್ದು ಮರುವರ್ಷ). ಜಾಲವೇನೋ ಬಂತು, ಅದರಲ್ಲಿ ಕನ್ನಡ ಎಲ್ಲಿತ್ತು? ಪವನಜ ಅವರ ವಿಶ್ವಕನ್ನಡ 1996ರಲ್ಲಿ, ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವೆಲ್ಲ ಬಂದಮೇಲೂ ಒಂದು ತೊಡಕು ಹಾಗೇ ಉಳಿಯಿತು.

ತೊಡಕು ಇದು. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ.  ಅಷ್ಟು ಜಾಗದಲ್ಲೇ ನಮ್ಮ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಹಿಡಿಸಬೇಕು. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ, ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಕಡತದೊಳಗೆ ಕನ್ನಡವೇ ಇಲ್ಲ! ಫಾಂಟು ಎಂಬ ವೇಷ ಹಾಕಿದಾಗ ಮಾತ್ರ ಕನ್ನಡ. ವೇಷ ಕಳಚಿದರೆ ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಯಾವುದೋ ಅಕ್ಷರಗಳ ಸಂತೆ. ಒಬ್ಬರ ತುಂಡು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಸೈಬರ್ ಕೆಫೆಯಲ್ಲಿ ಊರಿನ ಪತ್ರಿಕೆ ಓದಬೇಕೆಂದರೆ ಮೊದಲು ಆ ಪತ್ರಿಕೆಯ ಫಾಂಟ್ ಇಳಿಸಬೇಕು, ಅದಕ್ಕೆ ಕೆಫೆಯವನ ಅಪ್ಪಣೆ ಬೇಕು. ಗಂಟೆ ಲೆಕ್ಕದ ದುಡ್ಡು ಅಷ್ಟರಲ್ಲೇ ಮುಗಿಯುತ್ತಿತ್ತು :-)

ಇದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ತುಂಡುಗಳ ಸಂಖ್ಯೆ ನೋಡಿ ಜೋಡಿಸುತ್ತಿತ್ತೇ ಹೊರತು ನಮ್ಮ ವರ್ಣಮಾಲೆ ನೋಡಿ ಅಲ್ಲ. ಲೆಡ್ಜರ್ ಬರೆದವನಿಗೆ ಇದರ ಸಂಕಟ ಗೊತ್ತು.

ಪರಿಹಾರದ ದಾರಿ ತೋರಿಸಿದವರಲ್ಲಿ ಕೆ.ಪಿ. ರಾವ್ ಮುಖ್ಯರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಚೆನ್ನೈಗೂ ಅವರಿಗೂ ಒಂದು ಎಳೆ ಇದೆ. ಇಲ್ಲೇ ನೆಲೆಸಿದ್ದ ಐರಾವತಂ ಮಹಾದೇವನ್ ಸಿಂಧೂ ಲಿಪಿಯ ಪದಕೋಶವನ್ನು (1977) ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದಾಗ ಆ ಕೆಲಸದಲ್ಲಿ ರಾವ್ ಕೂಡ ಇದ್ದರು. ಓದಲಾಗದ ಲಿಪಿಯನ್ನು ಯಂತ್ರಕ್ಕೆ ಉಣಿಸಿದವರಿಗೆ ಕನ್ನಡ ಏನು ಮಹಾ ಅನ್ನಬಹುದು. ಅವರ ಕೀಲಿಮಣೆಯ ತರ್ಕ ಸರಳ: ಕೈ ಬೆರಳು ಉಚ್ಚಾರಣೆಯ ಕ್ರಮದಲ್ಲಿ ಒತ್ತಲಿ, ಅಕ್ಷರದ ಆಕಾರ ಯಂತ್ರದ ಚಿಂತೆ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆ ಅದೇ ಕೀಲಿ. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ನುಡಿಯಲ್ಲಿರುವುದೂ ಇದೇ ವಿನ್ಯಾಸ.

ಯೂನಿಕೋಡಿನ ತರ್ಕವೂ ಇದೇ ಜಾತಿಯದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆ ಸಿಕ್ಕಿತ್ತು. "ಕನ್ನಡ" ಎಂದರೆ 5 ಸಂಕೇತ: ಕ, ನ, ಒಂದು ಹಲಂತ, ಮತ್ತೆ ನ, ಡ. ಎರಡನೇ ನಕಾರವನ್ನು ಕೆಳಗಿಳಿಸುವುದು ತೆರೆಯ ಕೆಲಸ. ಅಂದ ಹಾಗೆ, ಭಾರತೀಯ ಲಿಪಿಗಳಿಗೆಲ್ಲ ಸಮಾನಾಂತರ ಮನೆ ಕೊಟ್ಟದ್ದರಿಂದ ತಮಿಳಿನ ಪಾಲಿನಲ್ಲಿ ಖ, ಗ, ಘ ಇರಬೇಕಾದಲ್ಲಿ ಖಾಲಿ ಬಿಟ್ಟಿದೆ. ನಮ್ಮ ಶಾಖೆಯ ತಮಿಳು ಮಿತ್ರರೊಬ್ಬರಿಗೆ ಇದು ತೀರದ ಸಿಟ್ಟು. ಸಿಟ್ಟಿಗೂ ಅರ್ಥ ಇದೆ. ತಮಿಳಿಗೆ ಒತ್ತಕ್ಷರದ ಗೋಳು ಇಲ್ಲ, 256 ಮನೆಯಲ್ಲೇ ಆರಾಮಾಗಿ ಸಂಸಾರ ನಡೆಯುತ್ತಿತ್ತು. 1999ರ ಫೆಬ್ರವರಿಯಲ್ಲಿ ಇದೇ ಚೆನ್ನೈಯಲ್ಲಿ ತಮಿಳ್‌ನೆಟ್ 99 ಸಮ್ಮೇಳನ ಸೇರಿಸಿ ಕೀಲಿಮಣೆಯನ್ನೂ ಫಾಂಟಿನ ಸಂಕೇತವನ್ನೂ ಗೊತ್ತುಮಾಡಿಕೊಂಡರು. ವಿಂಡೋಸ್ 2000ದಲ್ಲೇ ಅವರಿಗೆ ಲತಾ ಫಾಂಟ್ ಬಂತು. ನಮಗೆ ತುಂಗಾ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ. ನೆರೆಮನೆಯಲ್ಲಿ ಕೂತು ನೋಡುವವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ.

ತುಂಗಾ ಇದ್ದರೂ "ಕನ್‌ನಡ" ಏಕೆ? ಆಕಾರ ಕೂಡಿಸುವ ಭಾಗವನ್ನು ಎಕ್ಸ್‌ಪಿಯಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಕಂಟ್ರೋಲ್ ಪ್ಯಾನೆಲ್, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಲ್ಯಾಂಗ್ವೇಜಸ್ ಟ್ಯಾಬ್, ಅಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬುದರ ಮುಂದೆ ಒಂದು ಟಿಕ್. ಅಷ್ಟೇ. ಆದರೆ ಟಿಕ್ ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತಿತ್ತು. ರಿಚ್ಚಿ ಸ್ಟ್ರೀಟಿನಲ್ಲಿ ಜೋಡಿಸಿ ತಂದ ಕಂಪ್ಯೂಟರಿಗೆ ಸಿ.ಡಿ. ಎಲ್ಲಿಂದ ಬರಬೇಕು? ನನಗದನ್ನು ಮಾಡಿಕೊಟ್ಟದ್ದು ಅದೇ ಬೀದಿಯ ತಮಿಳು ಹುಡುಗ. ತಮಿಳು ಪುಟಗಳಲ್ಲಿ ಎಡಕ್ಕಿರಬೇಕಾದ ಕೊಂಬು ಬಲಕ್ಕೆ ಬೀಳುತ್ತಿದ್ದುದನ್ನು ಸರಿಮಾಡಿ ಅವನಿಗೆ ಅಭ್ಯಾಸವಾಗಿತ್ತು. ಟಿಕ್ ಒಂದೇ, ಎರಡು ಭಾಷೆಗೂ ಸಾಕಾಯಿತು. ಯಂತ್ರ ಮತ್ತೆ ಶುರುವಾದಾಗ ಒತ್ತುಗಳು ಕೆಳಗಿಳಿದಿದ್ದವು. ಅಕ್ಷರ ತಿಳಿಯದ ಆ ಹುಡುಗನೂ ಏನೋ ಸರಿಹೋಯಿತೆಂದು ಗುರುತಿಸಿದ!

2007ರ ವಿಸ್ತಾ ಬಂದಮೇಲೆ ಆ ಟಿಕ್ಕಿನ ಅಗತ್ಯ ತಪ್ಪಿತು. ಮೊಬೈಲಿನಲ್ಲಿ ಚೌಕಗಳು ಕಂಡಾಗ ಆಪೆರಾ ಮಿನಿಯ ಒಳಗೆ ಹೊಕ್ಕು ಅಕ್ಷರವನ್ನು ಚಿತ್ರವಾಗಿ ತರಿಸಿಕೊಂಡದ್ದು ಇನ್ನೊಂದು ಅಧ್ಯಾಯ, ಅದು ಬೇಗ ಮುಗಿಯಿತು. ರ‍್ಯಾಂಕ್ ಎಂದು ಬರೆಯಹೋಗಿ ಅರ್ಕಾವತ್ತು ಬಂದು ಕೂರುವ ಪೇಚಾಟ ಮಾತ್ರ ಈಗಲೂ ಎಷ್ಟೋ ಜನರಿಗಿದೆ. ರಕಾರಕ್ಕೂ ಹಲಂತಕ್ಕೂ ನಡುವೆ ಕಾಣದ ಒಂದು ಜೋಡಕ ಸಂಕೇತ ಇಟ್ಟರೆ ಸರಿಯಾಗುತ್ತದೆ.

ಹೊಸದಾಗಿ ಬರೆಯುವವರ ಕಷ್ಟ ಹೀಗೆ ತೀರಿತು. ಹಳೆಯದರದ್ದು ತೀರಿಲ್ಲ. ನಮ್ಮ ತಂದೆಯವರು ತಮ್ಮ ಊರು, ಗೇಣಿ, ಮನೆತನದ ಬಗ್ಗೆ ಬರೆದಿಟ್ಟ 46 ಪುಟಗಳನ್ನು 1999ರಲ್ಲಿ ಊರಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಕೈಬರಹ ಗೆದ್ದಲಿಗೆ ಹೋಯಿತು, ತಂದೆಯವರೂ ಈಗಿಲ್ಲ. ಉಳಿದದ್ದು ಎರಡು ಫ್ಲಾಪಿ. ಮೊದಲನೆಯದು ತೆರೆಯಿತು, ಒಳಗೆ ಅದೇ ಚುಕ್ಕಿ ಗೆರೆಯ ಸಂತೆ. ಈಗ ಜಾಲದಲ್ಲಿ ಸಿಗುವ ಪರಿವರ್ತಕಗಳು ನುಡಿ ಕಡತವನ್ನು ಚೆನ್ನಾಗಿಯೇ ಬದಲಿಸುತ್ತವೆ, ಆದರೆ ಆ ಅಂಗಡಿಯವನದು ಬೇರೆ ಫಾಂಟ್. ಹಾಗಾಗಿ ಯಾವ ಗುರುತು ಯಾವ ತುಂಡು ಎಂದು ಎಕ್ಸೆಲ್ಲಿನಲ್ಲಿ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಬದಲಿಸುತ್ತಿದ್ದೇನೆ. ಅರ್ಕಾವತ್ತು ಕಡತದಲ್ಲಿ ವ್ಯಂಜನದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಅವನ್ನು ಕೈಯಿಂದಲೇ ಹಿಂದುಮುಂದು ಮಾಡಬೇಕು. ಭಾನುವಾರಕ್ಕೆ ಒಂದು ಪುಟ ಆಗುತ್ತದೆ. 19 ಪುಟ ಮುಗಿದಿದೆ. ಅಜ್ಜನ ಹೆಸರಿನ ಒತ್ತು ಸರಿಯಾಗಿ ಕೂತದ್ದು 7ನೇ ಪುಟದಲ್ಲಿ.

ಎರಡನೇ ಫ್ಲಾಪಿ ಇನ್ನೂ ತೆರೆದಿಲ್ಲ. ಹಳೆಯ ಡ್ರೈವ್ ಸರಿಯಿರುವವರು ಚೆನ್ನೈಯಲ್ಲಿ ಯಾರಾದರೂ ಇದ್ದರೆ ತಿಳಿಸಿ, ನಾನೇ ಬರುತ್ತೇನೆ.