ಮಸೀದಿಯ ಡೇರೆಯಿಂದ ವೃದ್ಧಾಶ್ರಮದ ಮಂಚದವರೆಗೆ

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627. ಖಂದಕ್ ಯುದ್ಧದಲ್ಲಿ ಮದೀನಾದ ನಾಯಕರಲ್ಲೊಬ್ಬರಾದ ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ತಗುಲಿ ರಕ್ತನಾಳ ತುಂಡಾಯಿತು. ಪ್ರವಾದಿ(ಸ)ರು ಅವರಿಗಾಗಿ ಮಸೀದಿಯಲ್ಲೇ ಒಂದು ಡೇರೆ ಹಾಕಿಸಿದರು. ಹತ್ತಿರವಿದ್ದರೆ ಆಗಾಗ ನೋಡಿಕೊಂಡು ಬರಬಹುದೆಂಬುದೇ ಅದಕ್ಕೆ ಕಾರಣ. ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ರುಫೈದಾ(ರ) ಎಂಬ ಮಹಿಳೆ ಅವರ ಆರೈಕೆ ವಹಿಸಿಕೊಂಡರು. ಪ್ರವಾದಿ(ಸ)ರು ಬೆಳಿಗ್ಗೆಯೂ ಸಂಜೆಯೂ ಅವರ ಆರೋಗ್ಯ ವಿಚಾರಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಸಅದ್(ರ) ಉಳಿಯಲಿಲ್ಲ. ಆದರೆ ಅವರನ್ನು ಯಾರೂ ಒಂಟಿಯಾಗಿ ಬಿಡಲಿಲ್ಲ.

ಗುಣವಾಗದ ರೋಗಿಗೂ ನಮ್ಮ ಮೇಲೆ ಹಕ್ಕಿದೆ ಎಂಬ ಈ ಪಾಠ ಮುಂದೆ ಕಟ್ಟಡಗಳ ರೂಪ ಪಡೆಯಿತು. ದಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಆಸ್ಪತ್ರೆ ಕಟ್ಟಿಸಿದರು. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯ ಖರ್ಚಿಗೆ ದೊಡ್ಡ ವಕ್ಫ್ ಇತ್ತು. ಬಡವ, ಶ್ರೀಮಂತ, ಗಂಡು, ಹೆಣ್ಣು ಎನ್ನದೆ ಎಲ್ಲರಿಗೂ ಅಲ್ಲಿ ಉಚಿತ ಚಿಕಿತ್ಸೆ. ಅಲ್ಲಿ ತೀರಿಕೊಂಡವರ ಕಫನ್, ದಫನ್ ಖರ್ಚೂ ವಕ್ಫ್‌ನಿಂದಲೇ. ಸಾವು ಆಸ್ಪತ್ರೆಯ ಸೋಲೆಂದು ಆ ಕಾಲದವರು ಭಾವಿಸಿರಲಿಲ್ಲ.

20ನೇ ಶತಮಾನದಲ್ಲಿ ಔಷಧಿಗಳು ಬೆಳೆದವು, ಶಸ್ತ್ರಚಿಕಿತ್ಸೆ ಬೆಳೆಯಿತು. ಜೊತೆಗೆ ಒಂದು ಮಾತೂ ಬೆಳೆಯಿತು: ‘ಇನ್ನೇನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ.’ ಈ ಮಾತನ್ನು ಒಪ್ಪದವರು ಲಂಡನ್ನಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿ, ಆಮೇಲೆ ಸಮಾಜಸೇವಕಿ, ಕೊನೆಗೆ ಡಾಕ್ಟರ್ ಆದವರು. ಪೋಲೆಂಡಿನಿಂದ ಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯಹೂದಿ ನಿರಾಶ್ರಿತ 1948ರಲ್ಲಿ ಕ್ಯಾನ್ಸರಿನಿಂದ ಸಾಯುವಾಗ, ಆಕೆ ಮುಂದೆ ಕಟ್ಟಲಿರುವ ಮನೆಯ ಒಂದು ಕಿಟಕಿಗಾಗಿ 500 ಪೌಂಡ್ ಬಿಟ್ಟುಹೋದ. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ಸಾಯುವವನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ಭಯ, ಮನೆಮಂದಿಯ ಚಿಂತೆ, ಆತ್ಮದ ಕಳವಳ ಎಲ್ಲ ಸೇರಿದ ನೋವು ಎಂದು ಸಾಂಡರ್ಸ್ ಹೇಳಿದರು. ನೋವು ಮರಳಿ ಬರುವ ಮೊದಲೇ, ಗಂಟೆಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮ ತಂದರು. ಇದಕ್ಕೆ ‘ಪ್ಯಾಲಿಯೇಟಿವ್ ಕೇರ್’, ಅಂದರೆ ಉಪಶಮನ ಆರೈಕೆ, ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ, ಕೆನಡಾದ ವೈದ್ಯ ಬಾಲ್ಫರ್ ಮೌಂಟ್ ಅವರಿಂದ.

ನಮ್ಮ ದೇಶದ ಮೊದಲ ಹಾಸ್ಪೈಸ್ ಮುಂಬೈನ ಶಾಂತಿ ಅವೇದನಾ, 1986ರದು. ಅದರ ಹಿಂದಿನ ವರ್ಷವೇ, 1985ರಲ್ಲಿ, ಮಾದಕ ವಸ್ತುಗಳ ಕಾಯ್ದೆ ಬಂದಿತ್ತು. ವಿಪರ್ಯಾಸ ನೋಡಿ: ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೆ ಲೈಸೆನ್ಸುಗಳ ತೊಡಕಿನಿಂದ ನಮ್ಮ ರೋಗಿಗಳಿಗೇ ಮಾರ್ಫಿನ್ ಸಿಗದಂತಾಯಿತು. 2014ರ ತಿದ್ದುಪಡಿ ಆ ದಾರಿಯನ್ನು ಸ್ವಲ್ಪ ಸುಲಭ ಮಾಡಿತು.

ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಒಂದು ಸಣ್ಣ ಕ್ಲಿನಿಕ್ ಆರಂಭಿಸಿದರು. ಅಲ್ಲಿಂದ ಈ ಕೆಲಸ ಮಲಪ್ಪುರಂ ಜಿಲ್ಲೆಯ ಹಳ್ಳಿಹಳ್ಳಿಗೆ ಹಬ್ಬಿತು. ನಡೆಸಿದವರು ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು. ತರಬೇತಿ ಪಡೆದು ದಾದಿಯರ ಜೊತೆ ಮನೆಮನೆಗೆ ಹೋದರು. ಖರ್ಚಿಗೆ ಜನರೇ ಸಣ್ಣ ಸಣ್ಣ ಮೊತ್ತ ಕೂಡಿಸಿದರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ಸರ್ಕಾರಿ ನೀತಿ ಮಾಡಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಲ್ಲಿ ‘ಕರುಣಾಶ್ರಯ’ ತೆರೆಯಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಇಂದಿಗೂ ಹಣ ಕೇಳುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ದಾವಣಗೆರೆಯಲ್ಲಿ 1965ರಿಂದ ಮೆಡಿಕಲ್ ಕಾಲೇಜಿದೆ. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ ಇವೆ. ಸುತ್ತಲಿನ ಜಿಲ್ಲೆಗಳವರೂ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಹತ್ತಿ ಗಿರಣಿಗಳಲ್ಲಿ, ಮಂಡಕ್ಕಿ ಭಟ್ಟಿಗಳಲ್ಲಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮೈಮುರಿದು ದುಡಿದ ತಲೆಮಾರು ಇಂದು ಹಾಸಿಗೆ ಹಿಡಿದಿದೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದಾರೆ. ಕೆಲವರು ವೃದ್ಧಾಶ್ರಮದಲ್ಲಿದ್ದಾರೆ. ‘ನಮ್ಮವರಲ್ಲಿ ಅಂಥದ್ದಿಲ್ಲ’ ಎಂದು ನಾವು ಹೇಳಿಕೊಳ್ಳುತ್ತೇವೆ. ನಾಚಿಕೆಯಿಂದ ಮರೆಮಾಡಿದರೆ ಅಲ್ಲಿರುವವರ ನೋವು ಕಡಿಮೆಯಾಗುವುದಿಲ್ಲ. ಅವರನ್ನು ನೋಡಲು ಹೋಗುವವರು ಕಡಿಮೆಯಾಗುತ್ತಾರೆ, ಅಷ್ಟೆ.

ಒಂದು ಈದ್ ಆದ ಮಾರನೆಯ ದಿನ ನಾವು ಕೆಲವರು ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಹಣ್ಣು, ಕಂಬಳಿ ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಹೊರಡುವಾಗ ಒಬ್ಬ ದಾದಿಮಾ ಕೈ ಹಿಡಿದು, ‘ಬೇಟಾ, ನನ್ನನ್ನು ಸ್ವಲ್ಪ ಆ ಮಗ್ಗುಲಿಗೆ ತಿರುಗಿಸು’ ಎಂದರು. ತಿರುಗಿಸಿದಾಗ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ಅವರಿಗೆ ಬೇಕಿದ್ದದ್ದು ನಮ್ಮ ಕಂಬಳಿಯಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಎರಡು ಕೈಗಳು ಬೇಕಿದ್ದವು. ಅಂದು ದಾರಿಯುದ್ದಕ್ಕೂ ನಾವು ಯಾರೂ ಮಾತಾಡಲಿಲ್ಲ.

ಉಪಶಮನ ಆರೈಕೆಯ ಬಹುಪಾಲು ಇಂಥ ಕೆಲಸವೇ. ಬಾಯಿ ಒಣಗದಂತೆ ಒದ್ದೆ ಬಟ್ಟೆಯಿಂದ ಒರೆಸುವುದು, ಮಲಬದ್ಧತೆ ಗಮನಿಸುವುದು, ನೋವು ಎಷ್ಟಿದೆ ಎಂದು ದಿನವೂ ಕೇಳಿ ಬರೆದಿಡುವುದು, ತಯಮ್ಮುಮ್‌ಗೆ ನೆರವಾಗುವುದು, ಸುಮ್ಮನೆ ಪಕ್ಕದಲ್ಲಿ ಕೂರುವುದು. ಇದು ಸಾವನ್ನು ಬೇಗ ತರುವ ಕೆಲಸವಲ್ಲ, ಬಲವಂತವಾಗಿ ಮುಂದೂಡುವ ಕೆಲಸವೂ ಅಲ್ಲ. ಮಾರ್ಫಿನ್ ಹೆಸರು ಕೇಳಿದರೆ ‘ಅದು ನಶೆಯಲ್ಲವೇ’ ಎಂದು ಮನೆಯವರು ಹಿಂಜರಿಯುತ್ತಾರೆ. ತೀವ್ರ ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವ ಔಷಧಿಗೂ ನಶೆಗೂ ವ್ಯತ್ಯಾಸವಿದೆಯೆಂದು ಉಲಮಾಗಳು ವಿವರಿಸಿದ್ದಾರೆ. ಸಂಶಯವಿದ್ದವರು ತಮ್ಮ ಇಮಾಮರನ್ನು ಕೇಳಲಿ. ಆದರೆ ಸಂಶಯದ ಹೆಸರಿನಲ್ಲಿ ಅಬ್ಬಾನನ್ನು ರಾತ್ರಿಯಿಡೀ ನರಳಲು ಬಿಡಬಾರದು.

ದಾವಣಗೆರೆ, ಹರಿಹರದ ಪ್ರತಿ ಜಮಾಅತ್ ನಾಲ್ಕು ಯುವಕರನ್ನೂ ನಾಲ್ಕು ಹೆಣ್ಣುಮಕ್ಕಳನ್ನೂ ಇದಕ್ಕೆ ಕೊಡಲು ಸಾಧ್ಯವಿಲ್ಲವೇ? ಜುಮಾ ಮುಗಿದ ಮೇಲೆ ವಾರಕ್ಕೊಂದು ಗಂಟೆ, ಹತ್ತಿರದ ವೃದ್ಧಾಶ್ರಮದ ಒಂದೊಂದು ಮಂಚಕ್ಕೆ. ಅಲ್ಲಿರುವವರು ಯಾವ ಧರ್ಮದವರೆಂದು ಕೇಳುವ ಅಗತ್ಯವಿಲ್ಲ. ಕೈರೋದ ಆಸ್ಪತ್ರೆ ಬಡವ, ಶ್ರೀಮಂತ ಎಂದು ಕೇಳಲಿಲ್ಲ. ಅಂದು ರೋಗಿಯ ಡೇರೆ ಮಸೀದಿಯೊಳಗೇ ಇತ್ತು. ಇಂದು ಅದು ನಮ್ಮ ಮಸೀದಿಯಿಂದ ಎಷ್ಟು ದೂರದಲ್ಲಿದೆ ಎಂದು ಪ್ರತಿಯೊಬ್ಬರೂ ಯೋಚಿಸೋಣ. ಅಲ್ಲಾಹನು ನಮಗೆ ಹೋಗುವ ತೌಫೀಕ್ ನೀಡಲಿ. ಆಮೀನ್.