ಐರ್ಲೆಂಡಿನ ಮೂರು ಬೀಗಗಳು: ಶಾಂತಿಪಡೆಗೆ ಸೈನಿಕರನ್ನು ಕಳುಹಿಸುವ ನಿರ್ಧಾರದ ಚರಿತ್ರೆ

ಐರ್ಲೆಂಡ್ ಹನ್ನೆರಡಕ್ಕಿಂತ ಹೆಚ್ಚು ಸಶಸ್ತ್ರ ಸೈನಿಕರನ್ನು ಹೊರದೇಶದ ಶಾಂತಿಪಾಲನೆಗೆ ಕಳುಹಿಸಬೇಕಾದರೆ ಮೂರು ಒಪ್ಪಿಗೆಗಳು ಬೇಕು: ವಿಶ್ವಸಂಸ್ಥೆಯ ನಿರ್ಣಯ, ಸಂಪುಟದ ತೀರ್ಮಾನ, ಕೆಳಮನೆಯಾದ ಡಾಯ್ಲ್‌ನ ಅನುಮೋದನೆ. ಅಲ್ಲಿನ ರಾಜಕೀಯದಲ್ಲಿ ಇದಕ್ಕೆ ‘ಟ್ರಿಪಲ್ ಲಾಕ್’ ಎಂಬ ಹೆಸರಿದೆ. ದೇಶದ ತಟಸ್ಥ ನೀತಿಗೆ ಇದೇ ಕಾವಲು ಎಂಬ ಭಾವನೆಯೂ ಗಟ್ಟಿಯಾಗಿದೆ. ಆದರೆ ಕಾನೂನಿನ ಚರಿತ್ರೆಯನ್ನು ನೋಡಿದರೆ ಈ ಬೀಗಗಳು ಸೈನಿಕರನ್ನು ತಡೆದದ್ದು ಕಡಿಮೆ. ಕಾರ್ಯಾಚರಣೆಯ ಅಗತ್ಯ ಎದುರಾದಾಗಲೆಲ್ಲ ಬೀಗವನ್ನೇ ಸಡಿಲಿಸಿದ್ದು ಹೆಚ್ಚು.

1955ರಲ್ಲಿ ವಿಶ್ವಸಂಸ್ಥೆ ಸೇರಿದ ಐರ್ಲೆಂಡ್, 1960ರ ಜುಲೈನಲ್ಲಿ ತನ್ನ ಮೊದಲ ಬೆಟಾಲಿಯನ್ನನ್ನು ಕಾಂಗೋಗೆ ಕಳುಹಿಸಿತು. ಆಫ್ರಿಕದ ಸೆಕೆಗೆ ಇಳಿದ ಆ ಸೈನಿಕರ ಮೈಮೇಲೆ ಐರಿಷ್ ಚಳಿಗೆ ಹೊಲಿದ ದಪ್ಪ ಉಣ್ಣೆಯ ಸಮವಸ್ತ್ರವಿತ್ತು, ಹೆಗಲಲ್ಲಿ ಹಳೆಯ ಲೀ-ಎನ್‌ಫೀಲ್ಡ್ ಬಂದೂಕು. ನವೆಂಬರ್ 8ರಂದು ನಿಯೆಂಬಾ ಬಳಿ, ಹಾಳಾದ ಸೇತುವೆಯೊಂದರ ಹತ್ತಿರ, ಹನ್ನೊಂದು ಮಂದಿಯ ಗಸ್ತುತಂಡದ ಮೇಲೆ ಬಲುಬಾ ಯೋಧರು ಎರಗಿದರು. ಒಂಬತ್ತು ಜನ ಸತ್ತರು. ಶವಪೆಟ್ಟಿಗೆಗಳ ಮೆರವಣಿಗೆಗೆ ಡಬ್ಲಿನ್ನಿನ ಬೀದಿಗಳಲ್ಲಿ ಜನಸಾಗರವೇ ನೆರೆಯಿತು. ಇಂಥ ಸೇವೆಗೆ ಈ ಮೂರು ಒಪ್ಪಿಗೆಗಳ ಶಾಶ್ವತ ಚೌಕಟ್ಟು ಕೊಟ್ಟ ತಿದ್ದುಪಡಿ ಕಾನೂನು ಬಂದದ್ದು ಇದಾದ ಮೇಲೆ, ಅದೇ ವರ್ಷದ ಕೊನೆಗೆ. 1964ರಲ್ಲಿ ಸೈಪ್ರಸ್‌ಗೆ ಹೋದ ಐರಿಷ್ ತುಕಡಿಗಳು ಈ ಕಾನೂನಿನಡಿಯೇ ಹೊರಟಿದ್ದವು. ಆ ಜುಲೈನಿಂದ ಅಲ್ಲಿನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ.

1960ರ ಕಾನೂನು ‘ಪೊಲೀಸ್ ಸ್ವರೂಪದ’ ಕರ್ತವ್ಯಗಳಿಗಷ್ಟೇ ಅವಕಾಶ ಕೊಟ್ಟಿತ್ತು. ಬಲಪ್ರಯೋಗಕ್ಕೆ ಅಧಿಕಾರವಿದ್ದ ಸೊಮಾಲಿಯಾ ಕಾರ್ಯಾಚರಣೆ ಎದುರಾದಾಗ, 1993ರಲ್ಲಿ, ಆ ಮಿತಿಯನ್ನು ತೆಗೆದುಹಾಕಲಾಯಿತು. 2001ರ ಜನಮತದಲ್ಲಿ ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದ ಸೋತ ಮೇಲೆ, ತಟಸ್ಥ ನೀತಿಯ ಬಗ್ಗೆ ಮತದಾರರ ಅಳುಕು ಹೋಗಲಾಡಿಸಲು ಸರ್ಕಾರ ಈ ಮೂರು ಷರತ್ತುಗಳನ್ನು ಸೆವಿಲ್ ಘೋಷಣೆಯಲ್ಲಿ ಸಾರಿತು; 2002ರ ಎರಡನೆಯ ಜನಮತ ಗೆದ್ದಿತು. ಅದುವರೆಗೆ ಕಾನೂನಿನ ಕಟ್ಟಳೆಯಷ್ಟೇ ಆಗಿದ್ದದ್ದು ಜನತೆಗೆ ಕೊಟ್ಟ ಮಾತಾಯಿತು.

ಮರುವರ್ಷವೇ ಆ ಮಾತಿನ ಬೆಲೆ ತೆರಬೇಕಾಯಿತು. ಮ್ಯಾಸಿಡೋನಿಯ ತೈವಾನಿಗೆ ಮಾನ್ಯತೆ ಕೊಟ್ಟ ಸಿಟ್ಟಿಗೆ ಚೀನಾ 1999ರಲ್ಲೇ ಅಲ್ಲಿನ ವಿಶ್ವಸಂಸ್ಥೆ ಪಡೆಯ ಮುಂದುವರಿಕೆಗೆ ವೀಟೊ ಹಾಕಿತ್ತು. 2003ರಲ್ಲಿ ಐರೋಪ್ಯ ಒಕ್ಕೂಟ ಅಲ್ಲಿಗೆ ತನ್ನ ಪಡೆ ಕಳುಹಿಸಿದಾಗ ಭದ್ರತಾ ಮಂಡಳಿಯ ವಿಧ್ಯುಕ್ತ ಅಧಿಕಾರವಿಲ್ಲವೆಂದು ಐರ್ಲೆಂಡ್ ಹೊರಗುಳಿಯಿತು. ಬೀಗ ನಿಜಕ್ಕೂ ಬಿದ್ದ ಸ್ಪಷ್ಟ ನಿದರ್ಶನವಿದು. 2006ರ ಕಾನೂನು ಅದನ್ನೂ ಸಡಿಲಿಸಿತು: ನಿರ್ಣಯವೊಂದು ಪಡೆಯನ್ನು ‘ಬೆಂಬಲಿಸಿದ್ದರೆ’ ಕೂಡ ಸಾಕು, ಆ ನಿರ್ಣಯ ಮಹಾಸಭೆಯದ್ದೂ ಆಗಬಹುದು. ಹಾಗಾಗಿ ವೀಟೊ ಇರುವ ದೇಶಗಳು ಐರ್ಲೆಂಡಿನ ಕೈ ಕಟ್ಟಿವೆ ಎಂಬ ಇಂದಿನ ವಾದ ಪೂರ್ತಿ ಸುಳ್ಳಲ್ಲದಿದ್ದರೂ ಅರ್ಧಸತ್ಯ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪಡೆ ರಚಿಸಿದ್ದು ಮಹಾಸಭೆಯೇ. ಆ ಹಾದಿಯನ್ನು ಯಾರೂ ಈಗ ತುಳಿಯುತ್ತಿಲ್ಲ ಎಂಬುದು ಬೇರೆ ಮಾತು.

ಈ ವಾದವಿವಾದದಲ್ಲಿ ಇಸ್ರೇಲ್–ಸಿರಿಯಾ ನಡುವಿನ ಗೋಲಾನ್ ಪ್ರಕರಣಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. 2013ರಿಂದ ಅಲ್ಲಿದ್ದ ಐರಿಷ್ ಕಂಪನಿಗೆ ವಿಶ್ವಸಂಸ್ಥೆಯ ಆದೇಶವಿತ್ತು, ಮೂರು ಬೀಗಗಳೂ ತೆರೆದಿದ್ದವು. ಆದರೂ 2024ರಲ್ಲಿ ಸರ್ಕಾರ ಅದನ್ನು ವಾಪಸು ಕರೆಸಿಕೊಂಡಿತು. ಲೆಬನಾನಿನಲ್ಲಿರುವ ವಿಶ್ವಸಂಸ್ಥೆ ಪಡೆ, ಐರೋಪ್ಯ ಒಕ್ಕೂಟದ ‘ಬ್ಯಾಟಲ್‌ಗ್ರೂಪ್’ ಎಂಬ ತುರ್ತುಪಡೆ, ಗೋಲಾನ್ ಮೂರನ್ನೂ ಒಟ್ಟಿಗೆ ನಿಭಾಯಿಸುವಷ್ಟು ಜನಬಲವಿರಲಿಲ್ಲ. ಮಂಜೂರಾದ ಹುದ್ದೆಗಳು ಸುಮಾರು 9,500. ಸೇವೆಯಲ್ಲಿದ್ದವರು 7,500ರ ಆಸುಪಾಸು. ಸಣ್ಣ ದೇಶದ ಶಾಂತಿಪಾಲನಾ ನಿರ್ಧಾರಗಳನ್ನು ಅಧ್ಯಯನ ಮಾಡುವವರು ಕಾನೂನಿನ ಕಲಮುಗಳಷ್ಟೇ ಎಚ್ಚರದಿಂದ ನೇಮಕಾತಿಯ ಪಟ್ಟಿಗಳನ್ನೂ ಓದಬೇಕಾಗುತ್ತದೆ.

2025ರ ಮಾರ್ಚ್‌ನಲ್ಲಿ ಸಂಪುಟ ಒಪ್ಪಿದ ಕರಡು ವಿಶ್ವಸಂಸ್ಥೆಯ ಬೀಗವನ್ನು ಕಿತ್ತುಹಾಕುತ್ತದೆ, ಹನ್ನೆರಡರ ಮಿತಿಯನ್ನು ಐವತ್ತಕ್ಕೆ ಏರಿಸುತ್ತದೆ. ಡಾಯ್ಲ್‌ನ ಅನುಮೋದನೆಯನ್ನು ಉಳಿಸಿಕೊಂಡಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಲೆಬನಾನ್ ಪಡೆಯ ಅವಧಿಯನ್ನು ಕೊನೆಯ ಬಾರಿಗೆ, 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. 1978ರಿಂದ ಐರಿಷ್ ಸೈನಿಕರ ಹೊರದೇಶ ಸೇವೆಗೆ ಮುಖ್ಯ ನೆಲೆಯಾಗಿದ್ದದ್ದು ಆ ಪಡೆಯೇ.