ಒಂದು ಹೆಬ್ಬೆಟ್ಟಿನ ಕಥೆ: 'ಭೂಮಿ'ಯಿಂದ 'ಕಾವೇರಿ'ವರೆಗೆ

ತುಮಕೂರಿನ ಶೆಟ್ಟಿಹಳ್ಳಿಯಿಂದ ಮಾತಾಡ್ತಿದ್ದೀನಿ. 2023ರಲ್ಲಿ ನಮ್ಮ ದೊಡ್ಡಪ್ಪನ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಯ್ತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ಬ್ಯಾಂಕಿನವರು, "ನಿಮ್ಮದೇ ಹೆಬ್ಬೆಟ್ಟು ಬಿದ್ದಿದೆಯಲ್ಲ ಯಜಮಾನ್ರೇ" ಅಂದ್ರು. ಆ ಹೊತ್ತಿಗೆ ದೊಡ್ಡಪ್ಪ ಹೊಲದಲ್ಲಿದ್ರು!

ನಮ್ಮ ಆಫೀಸುಗಳು ಹೆಬ್ಬೆಟ್ಟನ್ನ ಇಷ್ಟೊಂದು ನಂಬೋದು ಯಾಕೆ? ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲು ಊರಿನ ಜಮೀನು ಲೆಕ್ಕ ಶಾನುಭೋಗರ ಹತ್ತಿರ ಇರ್ತಿತ್ತು. ಅದು ವಂಶಪಾರಂಪರ್ಯದ ಹುದ್ದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಅದು ಹೋಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಆದ್ರೆ ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳೀತು. ಪಹಣಿ ಬೇಕಂದ್ರೆ ಅವರನ್ನೇ ಹುಡುಕಬೇಕು, ಕೈ ಬಿಸಿ ಮಾಡಬೇಕು. ಒಂದು ಹೆಸರು ತಿದ್ದಿದ್ರೆ ರೈತನಿಗೆ ಎಷ್ಟೋ ವರ್ಷ ಗೊತ್ತೇ ಆಗ್ತಿರಲಿಲ್ಲ.

2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ 'ಭೂಮಿ' ಯೋಜನೆ ತಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ರೆ ಪಹಣಿ ಸಿಗ್ತಿತ್ತು. ಸರ್ಕಾರದ ಕಣ್ಣಿಗೆ ಬಿದ್ದ ದೊಡ್ಡ ಅಪಾಯ ಒಂದೇ: ಒಳಗಿನವರು ದಾಖಲೆ ತಿದ್ದೋದು. ಅದಕ್ಕೇ ನೌಕರರು ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು, ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಮುಗೀಬೇಕು. ಇಲ್ಲಿ ಬೆರಳಚ್ಚು ಬೀಗ ಆಯ್ತು.

ಆಮೇಲೆ ನೋಂದಣಿ ಇಲಾಖೆಯ 'ಕಾವೇರಿ' ಪೋರ್ಟಲ್. ಕ್ರಯಪತ್ರದ ನಕಲು ಆನ್‌ಲೈನ್‌ನಲ್ಲೇ ಸಿಗತೊಡಗಿತು. ಆ ಪತ್ರಗಳಲ್ಲಿ ಹೆಬ್ಬೆಟ್ಟು, ಆಧಾರ್ ನಂಬರ್ ಎರಡೂ ಇರ್ತಿದ್ವು. 2023ರಲ್ಲಿ ಬೆಂಗಳೂರು ಪೊಲೀಸರ ತನಿಖೆಯಲ್ಲಿ ಗೊತ್ತಾಗಿದ್ದೇನು? ಕಳ್ಳರು ಆ ಪತ್ರ ಡೌನ್‌ಲೋಡ್ ಮಾಡಿ, ಅಚ್ಚು ನಕಲು ಮಾಡಿ, ಆಧಾರ್ ಪಾವತಿಯಲ್ಲಿ ದುಡ್ಡು ಎತ್ತುತ್ತಿದ್ರು. ಅದಕ್ಕೆ ಓಟಿಪಿ ಬೇಕಾಗಲ್ಲ. ಆಮೇಲೆ ಇಲಾಖೆ ಬೆರಳಚ್ಚು ಮರೆಮಾಡೋಕೆ ಶುರು ಮಾಡ್ತು.

ಗಮನಿಸಿ, ಕಳ್ಳ ಒಂದಕ್ಷರವನ್ನೂ ತಿದ್ದಲಿಲ್ಲ, ಬರೀ ನೋಡಿದ. ಬಿಕಾಂನಲ್ಲಿ ಆಡಿಟ್ ಓದುವಾಗ ನಾನೂ ಕಲಿತಿದ್ದು ಲೆಕ್ಕ ತಿದ್ದೋರನ್ನ ಹಿಡಿಯೋದನ್ನೇ. ಹಳೇ ಕಳ್ಳನ ದಾರೀನೇ ಕಾಯ್ತಾ ಕೂತ್ರೆ ಹೊಸಬ ಹಿತ್ತಿಲಿಂದ ಬರ್ತಾನೆ.

ದೊಡ್ಡಪ್ಪನ ಅಚ್ಚು ಎಲ್ಲಿಂದ ಹೋಯ್ತೋ, ಇವತ್ತಿಗೂ ತಿಳಿದಿಲ್ಲ. ಪಾಸ್‌ವರ್ಡ್ ಹೋದ್ರೆ ಬದಲಾಯಿಸಬಹುದು, ಹೆಬ್ಬೆಟ್ಟು ಬದಲಾಯಿಸೋಕಾಗುತ್ತಾ? ಇವತ್ತೇ ಮನೆಯ ಹಿರಿಯರ ಫೋನ್ ಇಸ್ಕೊಂಡು, ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.